ಗಾಜಿನ ಮೇಲಿನ ನೀಲಿ ಸ್ಟಿಕ್ಕರ್, ಸಂತೇಪೇಟೆಯ ಕರಿ ಗೋಡೆ

ನಿಮ್ಮ ಮನೆಯಲ್ಲಿ ಕಾರಿದ್ದರೆ ಒಮ್ಮೆ ಹೋಗಿ ಮುಂದಿನ ಗಾಜು ನೋಡಿ. ಎಡಗಡೆ ಮೂಲೆಯಲ್ಲಿ ಅಂಗೈಯಷ್ಟು ಅಗಲದ, ಹೊಳೆಯುವ ಒಂದು ಸ್ಟಿಕ್ಕರ್ ಇರಬೇಕು. ಪೆಟ್ರೋಲ್ ಕಾರಾದರೆ ತಿಳಿನೀಲಿ. ಡೀಸೆಲ್ ಆದರೆ ಕಿತ್ತಳೆ. ಮೇಲ್ಗಡೆ ಒಂದು ಸೆಂಟಿಮೀಟರ್ ಹಸಿರು ಪಟ್ಟಿ ಇದ್ದರೆ ಅದು ಬಿಎಸ್-6 ಗಾಡಿ, ಅಂದರೆ ಹೊಗೆಗೆ ಸರ್ಕಾರ ಹಾಕಿದ ಮಿತಿಗಳಲ್ಲಿ ತೀರಾ ಈಚಿನ, ಬಿಗಿಯಾದ ಮಿತಿಗೆ ತಕ್ಕಂತೆ ಮಾಡಿದ್ದು. 2019ರ ಏಪ್ರಿಲ್ ಆದಮೇಲೆ ಬಂದ ಕಾರುಗಳಿಗೆ ಶೋರೂಮಿನಲ್ಲೇ ಅಂಟಿಸಿ ಕೊಡುತ್ತಾರೆ. ಅದಕ್ಕಿಂತ ಹಳೆಯ ಕಾರುಗಳಿಗೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಲು ನಾವೆಲ್ಲ ಓಡಾಡಿದೆವಲ್ಲ, ಆಗ ಪ್ಲೇಟಿನ ಜೊತೆಗೇ ಇದೂ ಬಂತು.

ಹೋದ ವಾರ ಮೈಸೂರು ಕುವೆಂಪುನಗರದ ನಮ್ಮ ಬೀದಿಯಲ್ಲಿ ಕಾರಿರುವ ಐದಾರು ಜನರನ್ನು ಕೇಳಿದೆ, ಇದು ಯಾತಕ್ಕೆ ಅಂತ. ಒಬ್ಬರು ಫಾಸ್ಟ್ಯಾಗ್‌ಗೆ ಸಂಬಂಧಿಸಿದ್ದು ಅಂದರು. ಇನ್ನೊಬ್ಬರು ಕಳ್ಳತನ ಆದರೆ ಪತ್ತೆ ಹಚ್ಚೋಕೆ ಅಂದರು. ಎದುರುಮನೆಯ ಮೇಷ್ಟ್ರು, "ಅಂಟಿಸಿ ಅಂತ ಕೊಟ್ಟರು, ಅಂಟಿಸಿದೆ" ಅಂದರು. ಹೊಗೆಯ ಮಾತು ಯಾರ ಬಾಯಲ್ಲೂ ಬರಲಿಲ್ಲ. ಕಳ್ಳತನ ತಡೆಯುವುದೂ ಅದರ ಒಂದು ಕೆಲಸ, ಸರಿ. ಗಾಡಿ ನಂಬರು, ಎಂಜಿನ್ ನಂಬರು, ಚಾಸಿ ನಂಬರು ಎಲ್ಲ ಅದರಲ್ಲಿರುತ್ತದೆ. ಆದರೆ ಅದಕ್ಕೆ ಬಣ್ಣ ಬಂದಿದ್ದು ಹೊಗೆಯ ಕಾರಣಕ್ಕೆ. ದೆಹಲಿಯ ಗಾಳಿಯ ಪ್ರಕರಣದಲ್ಲಿ 2018ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬಣ್ಣದ ಸ್ಟಿಕ್ಕರಿಗೆ ಒಪ್ಪಿಗೆ ಕೊಟ್ಟಿತು. ಗಾಳಿ ತೀರಾ ಕೆಟ್ಟ ದಿನ ಯಾವ ಗಾಡಿ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ದೂರದಿಂದಲೇ ಗೊತ್ತಾಗಲಿ ಎನ್ನುವುದು ಅದರ ಉದ್ದೇಶ. ಹಸಿರು ಪಟ್ಟಿ ಸೇರಿದ್ದು 2020ರ ಅಕ್ಟೋಬರ್‌ನಿಂದ.

ಅಂದರೆ ನಗರದ ಒಳಗೆ ಹೊಗೆ ಗಾಡಿಗಳನ್ನು ತಡೆಯಲು ಯುರೋಪಿನ ಊರುಗಳು ಬಳಸುವ ಸಾಧನದ ಒಂದು ರೂಪ ನಮ್ಮ ಗಾಜಿನ ಮೇಲೆ ಆಗಲೇ ಇದೆ. ಮೈಸೂರಿನಲ್ಲಿ ಅದಕ್ಕೆ ಕೆಲಸವಿಲ್ಲ, ಅಷ್ಟೆ. ಕೆಲಸ ಕೊಡಬೇಕೇ? ಕೊಟ್ಟರೆ ಯಾರಿಗೆ ಲಾಭ, ಯಾರ ಹೊಟ್ಟೆಯ ಮೇಲೆ ಹೊಡೆತ? ಇದನ್ನು ಮೈಸೂರಿನವರಾಗಿ ನಾವು ಈಗಲೇ ಯೋಚನೆ ಮಾಡುವುದು ಒಳ್ಳೆಯದು. ದೆಹಲಿಯ ಹಾಗೆ ಉಸಿರು ಕಟ್ಟಿದ ಮೇಲೆ ಅವಸರದಲ್ಲಿ ನಿಯಮ ಮಾಡಿದರೆ ಏನಾಗುತ್ತದೆ ಅಂತ ನೋಡಿದ್ದೇವೆ. 2025ರ ಜುಲೈ 1ರಿಂದ ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ಬಂಕ್‌ನಲ್ಲಿ ಇಂಧನವನ್ನೇ ಹಾಕಬಾರದು ಎಂದರು. ಜನ ಸಿಟ್ಟಾದರು. ಕೆಲವೇ ದಿನಗಳಲ್ಲಿ ಅದು ನಿಂತುಹೋಯಿತು.

ಈ ಸ್ಟಿಕ್ಕರ್ ಪದ್ಧತಿ ಚೆನ್ನಾಗಿ ಅರ್ಥವಾಗಬೇಕಾದರೆ ಜರ್ಮನಿಯನ್ನು ನೋಡಬೇಕು. ಅಲ್ಲಿ 2008ರ ಜನವರಿ 1ರಂದು ಬರ್ಲಿನ್, ಕಲೋನ್, ಹ್ಯಾನೋವರ್ ಊರುಗಳಲ್ಲಿ ಇದು ಶುರುವಾಯಿತು. ಊರಿನ ಒಂದು ಭಾಗವನ್ನು ಕಡಿಮೆ ಹೊಗೆಯ ವಲಯ ಅಂತ ಗುರುತಿಸಿ, ತಕ್ಕ ಸ್ಟಿಕ್ಕರ್ ಇರುವ ಗಾಡಿಗಳನ್ನು ಮಾತ್ರ ಒಳಗೆ ಬಿಡುವುದು. ಕೆಂಪು, ಹಳದಿ, ಹಸಿರು ಅಂತ ಮೂರು ದುಂಡನೆಯ ಸ್ಟಿಕ್ಕರ್. ಮೇಲೆ 2, 3, 4 ಎಂಬ ದೊಡ್ಡ ಅಂಕಿ. ಅತಿ ಹಳೆಯ ಡೀಸೆಲ್ ಗಾಡಿಗೆ ಸ್ಟಿಕ್ಕರೇ ಇಲ್ಲ. ಕೆಳಗಿನ ಬಿಳಿ ಜಾಗದಲ್ಲಿ ಗಾಡಿ ನಂಬರನ್ನು ಬಿಸಿಲಿಗೆ ಮಾಸದ ಪೆನ್ನಿನಲ್ಲಿ ಬರೆಯುತ್ತಾರೆ. ಒಬ್ಬರದನ್ನು ಇನ್ನೊಬ್ಬರು ಅಂಟಿಸಿಕೊಳ್ಳಬಾರದಲ್ಲ. ಬೆಲೆ ಐದಾರು ಯೂರೊ. ಒಂದು ಸಲ ತೆಗೆದುಕೊಂಡರೆ ಆ ಗಾಡಿ ಆ ನಂಬರಿನಲ್ಲಿ ಇರುವವರೆಗೂ ನಡೆಯುತ್ತದೆ. ಮೊದಮೊದಲು ಹಳದಿ, ಕೆಂಪಿನವರಿಗೂ ಒಳಗೆ ಬಿಡುತ್ತಿದ್ದರು. ಆಮೇಲೆ ನಿಧಾನಕ್ಕೆ ಬಿಗಿ ಮಾಡುತ್ತಾ ಬಂದು ಈಗ ವಲಯ ಇರುವ ಹೆಚ್ಚಿನ ಊರುಗಳಲ್ಲಿ ಹಸಿರಿನವರಿಗೆ ಮಾತ್ರ ಪ್ರವೇಶ. ಸ್ಟಿಕ್ಕರ್ ಇಲ್ಲದೆ ಒಳಗೆ ಹೋದರೆ 100 ಯೂರೊ ದಂಡ. ನಿಮ್ಮ ಗಾಡಿ ಎಷ್ಟೇ ಹೊಸದಿರಲಿ, ಅಂಟಿಸಿಲ್ಲ ಅಂದರೆ ದಂಡ ಕಟ್ಟಲೇಬೇಕು. ಬರ್ಲಿನ್‌ನಲ್ಲಿ ಊರಿನ ಸುತ್ತ ಓಡುವ ಲೋಕಲ್ ರೈಲಿನ ಹಳಿಯೇ ಗಡಿ. ಅದರೊಳಗಿನ ಸುಮಾರು 88 ಚದರ ಕಿಲೋಮೀಟರ್ ಪೂರ್ತಿ ಈ ವಲಯ.

ಫ್ರಾನ್ಸಿನಲ್ಲಿ ಆರು ದರ್ಜೆ ಇದೆ, 0ರಿಂದ 5ರವರೆಗೆ. ಬ್ಯಾಟರಿ ಗಾಡಿಗೆ 0, ಹಳೆಯ ಡೀಸೆಲ್‌ಗೆ 5. ಲಂಡನ್‌ನಲ್ಲಿ ಸ್ಟಿಕ್ಕರೇ ಇಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಓದುತ್ತದೆ, ಹಳೆಯ ಗಾಡಿಯಾದರೆ ದಿನಕ್ಕೆ 12.50 ಪೌಂಡ್ ಕಟ್ಟಿ ಓಡಿಸಬೇಕು. 2019ರಲ್ಲಿ ನಡು ಊರಿನಲ್ಲಿ ಶುರುವಾದದ್ದು 2023ರ ಆಗಸ್ಟ್ ಹೊತ್ತಿಗೆ ಇಡೀ ಲಂಡನ್‌ಗೆ ಹರಡಿತು.

ಇದರಿಂದ ಗಾಳಿ ಶುದ್ಧ ಆಯಿತೇ? ಆಯಿತು, ಆದರೆ ಜನ ಅಂದುಕೊಂಡಷ್ಟು ಅಲ್ಲ. ಹೆಂಡ್ರಿಕ್ ವುಲ್ಫ್ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ವಲಯಗಳ ಲೆಕ್ಕ ಹಿಡಿದು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿಎಂ10 ಸರಾಸರಿ 9 ಶೇಕಡದಷ್ಟು ಇಳಿದಿತ್ತು. ಪಿಎಂ10 ಅಂದರೆ ನಮ್ಮ ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಸಣ್ಣ ದೂಳಿನ ಕಣ. ಅದರಲ್ಲಿ ರಸ್ತೆ ದೂಳು, ಟಯರು, ಬ್ರೇಕು ಸವೆದ ಪುಡಿ, ಕಟ್ಟಡದ ಮಣ್ಣು ಎಲ್ಲ ಸೇರಿರುತ್ತದೆ. ಸ್ಟಿಕ್ಕರಿಗೂ ಈ ದೂಳು, ಪುಡಿ, ಮಣ್ಣಿಗೂ ಸಂಬಂಧವಿಲ್ಲ. ಸ್ಟಿಕ್ಕರ್ ಹಿಡಿಯುವುದು ಸೈಲೆನ್ಸರಿನಿಂದ ಬರುವ ಕರಿ ಮಸಿಯನ್ನು. ಒಟ್ಟು ದೂಳಿನ ತೂಕದಲ್ಲಿ ಈ ಮಸಿಯ ಪಾಲು ಕಡಿಮೆ. ಆದರೆ ಎದೆಗೂಡಿನ ಆಳಕ್ಕೆ ಇಳಿಯುವುದರಲ್ಲಿ ಅದು ಮುಂದು. ಆ ಅಧ್ಯಯನದಲ್ಲಿ ಇನ್ನೊಂದು ವಿಷಯವೂ ಇದೆ. ವಲಯಕ್ಕೆ ಹತ್ತಿರವಿರುವ ಊರಿನವರು ಗಾಡಿ ಬದಲಿಸಿದ್ದು ಜಾಸ್ತಿ. ಪೇಟೆಗೆ ಹೋಗಿಬರಬೇಕಲ್ಲ ಅಂತ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ದೇಶದಾದ್ಯಂತ ಬಿಎಸ್-4 ಬಂದಿದ್ದು 2017ರ ಏಪ್ರಿಲ್‌ನಲ್ಲಿ, ಬಿಎಸ್-6 ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಬಿಎಸ್-5 ಅನ್ನು ಹಾರಿಸಿಬಿಟ್ಟರು. ಡೀಸೆಲ್ ಕಾರು ಒಂದು ಕಿಲೋಮೀಟರ್ ಓಡಿದರೆ ಎಷ್ಟು ಮಸಿ ಕಣ ಬಿಡಬಹುದು ಎಂಬ ಮಿತಿ ಬಿಎಸ್-3ರಲ್ಲಿ 50 ಮಿಲಿಗ್ರಾಂ ಇತ್ತು. ಬಿಎಸ್-4ರಲ್ಲಿ 25 ಆಯಿತು. ಬಿಎಸ್-6ರಲ್ಲಿ 4.5ಕ್ಕೆ ಇಳಿಯಿತು. ಸಾರಜನಕದ ಆಕ್ಸೈಡುಗಳು, ಅಂದರೆ ಕಣ್ಣು ಗಂಟಲು ಉರಿಸುವ ಅನಿಲ, 250ರಿಂದ 80 ಮಿಲಿಗ್ರಾಂಗೆ ಬಂತು. ಡೀಸೆಲ್‌ನಲ್ಲಿರುವ ಗಂಧಕದ ಅಂಶವೂ 50ರಿಂದ 10 ಪಿಪಿಎಂಗೆ, ಅಂದರೆ ಹತ್ತು ಲಕ್ಷದಲ್ಲಿ 10 ಭಾಗಕ್ಕೆ ಇಳಿಯಿತು. ಪೆಟ್ರೋಲ್ ಕಾರಿನಲ್ಲಿ ಇಷ್ಟು ದೊಡ್ಡ ವ್ಯತ್ಯಾಸ ಆಗಲಿಲ್ಲ. ಸಾರಜನಕದ ಆಕ್ಸೈಡುಗಳ ಮಿತಿ 80ರಿಂದ 60ಕ್ಕೆ ಬಂತು, ಅಷ್ಟೆ. ಹಾಗಾಗಿ ನಿಜವಾಗಿ ನೋಡಬೇಕಾದದ್ದು ಹಸಿರು ಪಟ್ಟಿ ಇಲ್ಲದ ಕಿತ್ತಳೆ ಸ್ಟಿಕ್ಕರನ್ನು.

ಇಲ್ಲಿ ನಮ್ಮ ಸ್ಟಿಕ್ಕರಿನ ಒಂದು ದೊಡ್ಡ ಕೊರತೆ ಕಾಣುತ್ತದೆ. ಜರ್ಮನಿಯ ಬಣ್ಣ ಗಾಡಿಯ ದರ್ಜೆ ಹೇಳುತ್ತದೆ. ನಮ್ಮ ಬಣ್ಣ ಹೇಳುವುದು ಟ್ಯಾಂಕಿಗೆ ಏನು ಹಾಕುತ್ತೀರಿ ಅಂತ. ದರ್ಜೆ ಹೇಳುವುದು ಹಸಿರು ಪಟ್ಟಿ ಒಂದೇ, ಅದೂ ಬಿಎಸ್-6 ಹೌದೋ ಅಲ್ಲವೋ ಎಂದು ಮಾತ್ರ. 2005ರ ಕಾರೂ ತಿಳಿನೀಲಿ, 2018ರ ಕಾರೂ ತಿಳಿನೀಲಿ. ಎರಡರ ಹೊಗೆಗೆ ಅಜಗಜಾಂತರ. ಗಾಳಿ ಕೆಟ್ಟಾಗ ದೆಹಲಿಯಲ್ಲಿ ಮೂರನೇ ಹಂತದ ನಿರ್ಬಂಧದಲ್ಲಿ ಬಿಎಸ್-3 ಪೆಟ್ರೋಲ್ ಮತ್ತು ಬಿಎಸ್-4 ಡೀಸೆಲ್ ಕಾರುಗಳನ್ನು ತಡೆಯುತ್ತಾರೆ. ಡೀಸೆಲ್ ವಿಷಯದಲ್ಲಿ ಸ್ಟಿಕ್ಕರ್ ನೋಡಿದರೆ ಸಾಕು. ಪೆಟ್ರೋಲ್ ಕಾರಿನ ವಿಷಯದಲ್ಲಿ ಬಣ್ಣ ನೋಡಿ ಏನೂ ತಿಳಿಯುವುದಿಲ್ಲ, ಆರ್‌ಸಿಯನ್ನೇ ಕೇಳಬೇಕು.

ಇದನ್ನೆಲ್ಲ ಸರಿ ಮಾಡಬಹುದು ಅನ್ನಿ. ಸರಿ ಮಾಡಿದರೂ ಒಂದು ತೊಂದರೆ ಉಳಿಯುತ್ತದೆ. ಸ್ಟಿಕ್ಕರ್ ಗಾಡಿಯ ಜಾತಕ ಇದ್ದ ಹಾಗೆ. ಹುಟ್ಟಿದಾಗ ಹೇಗಿತ್ತು ಅಂತ ಹೇಳುತ್ತದೆ, ಇವತ್ತು ಹೇಗಿದೆ ಅಂತ ಅಲ್ಲ. ಜರ್ಮನಿಗೆ ಇದರ ಬಿಸಿ ಮುಟ್ಟಿದ್ದು 2015ರಲ್ಲಿ. ಫೋಕ್ಸ್‌ವ್ಯಾಗನ್ ತನ್ನ ಡೀಸೆಲ್ ಕಾರುಗಳಲ್ಲಿ ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆ ತಗ್ಗಿಸುವ ಸಾಫ್ಟ್‌ವೇರ್ ಇಟ್ಟಿದ್ದು ಆ ವರ್ಷ ಬಯಲಾಯಿತು. ಹಸಿರು ಸ್ಟಿಕ್ಕರ್ ಹಚ್ಚಿಕೊಂಡ ಗಾಡಿಗಳು ರಸ್ತೆಯಲ್ಲಿ ಮಿತಿಗಿಂತ ಎಷ್ಟೋ ಪಟ್ಟು ಜಾಸ್ತಿ ಸಾರಜನಕದ ಆಕ್ಸೈಡು ಬಿಡುತ್ತಿದ್ದವು. ಸ್ಟಿಕ್ಕರ್ ನಂಬಿ ವಲಯ ಮಾಡಿದ ಊರುಗಳಿಗೆ ಏನು ಮಾಡಬೇಕೋ ತೋಚಲಿಲ್ಲ. ನೀಲಿ ಎಂಬ ನಾಲ್ಕನೇ ಬಣ್ಣ ತರಬೇಕು ಅಂತ ಬಹಳ ಚರ್ಚೆ ಆಯಿತು, ಬರಲೇ ಇಲ್ಲ. 2018ರಲ್ಲಿ ಹ್ಯಾಂಬರ್ಗ್ ಎರಡು ರಸ್ತೆಗಳಲ್ಲಿ ಹಳೆಯ ಡೀಸೆಲ್ ಗಾಡಿಗಳನ್ನೇ ನೇರವಾಗಿ ನಿಷೇಧಿಸಿತು.

ಜಾತಕದ ಜೊತೆ ನಾಡಿಯನ್ನೂ ಹಿಡಿದು ನೋಡಬೇಕು. ನಮ್ಮಲ್ಲಿ ಅದಕ್ಕಿರುವುದು ಪಿಯುಸಿ, ಅಂದರೆ ನಾವೆಲ್ಲ ಎಮಿಷನ್ ಅನ್ನುವ ಸರ್ಟಿಫಿಕೇಟು. ಹೋದ ತಿಂಗಳು ನನ್ನ 2014ರ ಪೆಟ್ರೋಲ್ ಕಾರಿಗೆ ಎಮಿಷನ್ ಮಾಡಿಸಲು ಹೋಗಿದ್ದೆ. ಬಂಕ್ ಪಕ್ಕ ನಿಂತ ವ್ಯಾನು. ಒಳಗೆ ಒಬ್ಬ ಹುಡುಗ, ಒಂದು ಲ್ಯಾಪ್‌ಟಾಪು. ಸೈಲೆನ್ಸರಿಗೆ ಕಡ್ಡಿ ತೂರಿಸಿದ, ನಂಬರ್ ಪ್ಲೇಟಿನ ಫೋಟೊ ತೆಗೆದ, ಮೂರೇ ನಿಮಿಷಕ್ಕೆ ಕಾಗದ ಕೈಗೆ ಕೊಟ್ಟ. ನನ್ನ ಹಿಂದೆ ಒಂದು ಹಳೆಯ ಡೀಸೆಲ್ ಟೆಂಪೊ ಇತ್ತು. ಡೀಸೆಲ್ ಗಾಡಿಯ ಪರೀಕ್ಷೆಯಲ್ಲಿ ನ್ಯೂಟ್ರಲ್‌ನಲ್ಲಿಟ್ಟು ಆಕ್ಸಿಲರೇಟರನ್ನು ಪೂರ್ತಿ ಒತ್ತಬೇಕು, ಅದೂ ಒಂದಲ್ಲ ಹಲವು ಸಲ. ಆಗ ಬರುವ ಹೊಗೆ ಎಷ್ಟು ದಟ್ಟವಾಗಿದೆ ಅಂತ ಯಂತ್ರ ನೋಡುತ್ತದೆ. ಡ್ರೈವರು "ಜಾಸ್ತಿ ಒತ್ತಬ್ಯಾಡ ಕಣಪ್ಪ, ಎಂಜಿನ್ ಹೋಗ್ತದೆ" ಅಂದ. ಹುಡುಗ ತಲೆಯಾಡಿಸಿದ. ಡ್ರೈವರೇ ಹತ್ತಿ ಕುಳಿತು ಮೆಲ್ಲಗೆ ಎರಡು ಸಲ ಒತ್ತಿದ. ಪಾಸ್. ಆ ಟೆಂಪೊ ರಸ್ತೆಗೆ ಇಳಿದು ಮೊದಲ ಗೇರಿಗೆ ಹಾಕಿದಾಗ ಬಂದ ಹೊಗೆ ನನ್ನ ಕಾರಿನ ಗಾಜಿಗೇ ಬಂದು ಹೊಡೆಯಿತು.

ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನು ಫೇಲ್ ಮಾಡಿದರೆ ಗಿರಾಕಿ ಮುಂದಿನ ವ್ಯಾನಿಗೆ ಹೋಗುತ್ತಾನೆ. ಪದ್ಧತಿಯೇ ಹಾಗಿದೆ. ಪರೀಕ್ಷೆಯನ್ನು ಸರಿಯಾಗಿಯೇ ಮಾಡಿದರೂ ಅದಕ್ಕೊಂದು ಮಿತಿ ಇದೆ. ಪೆಟ್ರೋಲ್ ಗಾಡಿಯಲ್ಲಿ ಇಂಗಾಲದ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ನೋಡುತ್ತಾರೆ. ಡೀಸೆಲ್‌ನಲ್ಲಿ ಹೊಗೆಯ ಕಪ್ಪು ನೋಡುತ್ತಾರೆ. ಸಾರಜನಕದ ಆಕ್ಸೈಡುಗಳನ್ನು ನೋಡುವುದೇ ಇಲ್ಲ. ಸಣ್ಣ ಕಣಗಳ ತೂಕವನ್ನೂ ನೋಡುವುದಿಲ್ಲ. ಪಿಯುಸಿ ಇಲ್ಲದಿದ್ದರೆ 10 ಸಾವಿರ ರೂಪಾಯಿವರೆಗೆ ದಂಡ ಹಾಕಬಹುದು ಅಂತ 2019ರಲ್ಲಿ ಕಾಯ್ದೆ ತಿದ್ದಿದರು. ದಂಡ ದೊಡ್ಡದಾಯಿತು, ಪರೀಕ್ಷೆ ಮಾತ್ರ ಹಾಗೇ ಉಳಿಯಿತು. ರಸ್ತೆ ಬದಿಯಲ್ಲಿ ಯಂತ್ರ ಇಟ್ಟು, ಗಾಡಿ ಓಡುತ್ತಿರುವಾಗಲೇ ಹೊಗೆಗೆ ಬೆಳಕಿನ ಕಿರಣ ಹಾಯಿಸಿ ಅಳೆಯುವ ವಿಧಾನವೊಂದಿದೆ. ಕೋಲ್ಕತ್ತದಲ್ಲಿ ಅದನ್ನು ಬಳಸಿದ್ದಾರೆ. ಮೈಸೂರಿಗೆ ಅಂಥ ಒಂದು ಯಂತ್ರ ಬಂದರೆ ಸಾವಿರ ಸ್ಟಿಕ್ಕರಿಗಿಂತ ಮೇಲು ಎನ್ನುವುದು ನನ್ನ ನಂಬಿಕೆ.

ಮೈಸೂರಿನ ಗಾಳಿಗೆ ಏನಾಗಿದೆ, ಇಷ್ಟೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ದೇಶದ 131 ಊರುಗಳಿವೆ. ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಇವೆ. ಮೈಸೂರಿಲ್ಲ. ಅದು ನಮ್ಮ ಪುಣ್ಯ. ಆದರೆ ಪಟ್ಟಿಯಲ್ಲಿ ಇಲ್ಲ ಅಂದರೆ ಗಾಳಿ ಚೆನ್ನಾಗಿದೆ ಅಂತ ಅರ್ಥವಲ್ಲ. ನಮ್ಮ ದೇಶದ ಮಿತಿಯಲ್ಲಿ ಪಿಎಂ10 ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೊಗ್ರಾಂವರೆಗೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಈ ಎರಡರ ನಡುವೆ ಇರುವ ಊರು ಕಾಗದದಲ್ಲಿ ಪಾಸು, ಎದೆಗೂಡಿನಲ್ಲಿ ಅಲ್ಲ. ಇನ್ನೊಂದು ಮಾತು. ಊರಿನ ಸರಾಸರಿ ಬೇರೆ, ಬೆಳಗ್ಗೆ ಹತ್ತು ಗಂಟೆಗೆ ಪೇಟೆ ಬೀದಿಯಲ್ಲಿ ನಿಂತವನ ಮೂಗಿಗೆ ಬರುವ ಗಾಳಿ ಬೇರೆ.

ಆ ಗಾಳಿ ನೋಡಬೇಕೆಂದೇ ಒಂದು ದಿನ ಬೆಳಗ್ಗೆ ಸಂತೇಪೇಟೆಗೆ ಹೋದೆ. ಸಗಟು ಅಂಗಡಿಗಳ ಮುಂದೆ ಮೂಟೆ ಇಳಿಸುವ ಹೊತ್ತು. ಒಣಮೆಣಸಿನಕಾಯಿ ಘಾಟು, ಬೆಲ್ಲದ ವಾಸನೆ, ಅದರ ಮೇಲೆ ಡೀಸೆಲ್ ಹೊಗೆ. ಬೀದಿ ಎಷ್ಟು ಇಕ್ಕಟ್ಟು ಅಂದರೆ ಒಂದು ಗೂಡ್ಸ್ ಆಟೊ ನಿಂತರೆ ಇನ್ನೊಂದು ಸ್ಕೂಟರಷ್ಟೇ ನುಸುಳಬಹುದು. ಒಂದು ಗೋಡೆ ನೋಡಿದೆ. ಮೇಲೆಲ್ಲ ಹಳೆಯ ಸುಣ್ಣ. ಮೊಣಕಾಲಿಗಿಂತ ಕೆಳಗೆ, ಸರಿಯಾಗಿ ಸೈಲೆನ್ಸರಿನ ಎತ್ತರಕ್ಕೆ, ಉದ್ದಕ್ಕೂ ಒಂದು ಕರಿ ಪಟ್ಟೆ. ಬೆರಳಿಟ್ಟರೆ ಕಾಡಿಗೆ ಬಂದ ಹಾಗೆ ಬಂತು. ವರ್ಷಗಟ್ಟಲೆ ಅದೇ ಜಾಗದಲ್ಲಿ ಗಾಡಿಗಳು ನಿಂತು ಆಗಿರುವ ಮಸಿ. ಅದರಿಂದ ನಾಲ್ಕು ಹೆಜ್ಜೆ ದೂರದಲ್ಲಿ ಒಬ್ಬ ಹೆಂಗಸು ನಿಂಬೆಹಣ್ಣು ಇಟ್ಟುಕೊಂಡು ಕೂತಿದ್ದರು. ನೆಲದ ಮೇಲೆ ಕೂತವರ ಮುಖ ಹೆಚ್ಚುಕಡಿಮೆ ಆ ಪಟ್ಟೆಯ ಎತ್ತರಕ್ಕೇ ಬರುತ್ತದೆ.

ಅಲ್ಲೇ ಒಂದು ಮೂರು ಚಕ್ರದ ಡೀಸೆಲ್ ಗೂಡ್ಸ್ ಆಟೊ ಗಡಗಡ ಅನ್ನುತ್ತಾ ನಿಂತಿತ್ತು. ಮೂಟೆ ಇಳಿಸಲು ಕಾಲು ಗಂಟೆ ಹಿಡಿಯಿತು. ಎಂಜಿನ್ ಮಾತ್ರ ಆಫ್ ಆಗಲಿಲ್ಲ. ಡ್ರೈವರಿಗೆ ಐವತ್ತರ ಮೇಲೆ ವಯಸ್ಸು. "ಅಣ್ಣ, ಆಫ್ ಮಾಡಬಹುದಲ್ವಾ?" ಅಂತ ಕೇಳಿದೆ.

"ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ ಸಾ. ಸೆಲ್ಫ್ ಹೋಗದೆ. ನಾಲ್ಕು ಜನ ತಳ್ಳಬೇಕು" ಅಂದರು.

2011ರ ಗಾಡಿ. ಎಫ್‌ಸಿ ಇದೆ, ಎಮಿಷನ್ ಇದೆ. ದಿನಕ್ಕೆ ಐದಾರು ಬಾಡಿಗೆ ಸಿಕ್ಕರೆ ಪುಣ್ಯ. ಬ್ಯಾಟರಿ ಗಾಡಿ ತೆಗೆದುಕೊಳ್ಳುವ ಯೋಚನೆ ಇಲ್ಲವಾ ಅಂದೆ. ಇಲ್ಲ ಅನ್ನಲಿಲ್ಲ ಅವರು. ಆಗಲೇ ಹೋಗಿ ವಿಚಾರಿಸಿಕೊಂಡು ಬಂದಿದ್ದರು. "ಕಂತು ಹೆಂಗೋ ಕಟ್ತೀನಿ ಅಂದ್ಕಳಿ. ಚಾರ್ಜ್ ಎಲ್ಲಾಕ್ಲಿ? ನಾನಿರದು ವಠಾರದಲ್ಲಿ, ಗಾಡಿ ನಿಲ್ಸದು ಬೀದೀಲಿ. ಮೊದಲ್ನೇ ಮಹಡಿಯಿಂದ ವಯರ್ ಎಳ್ದು ಇಳಿಬಿಡಕ್ಕೆ ಓನರ್ ಬಿಡ್ತಾರಾ?"

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಾವು ಮೈಸೂರಿನ ನಡು ಪೇಟೆಯಲ್ಲಿ ಕಡಿಮೆ ಹೊಗೆಯ ವಲಯ ಮಾಡಿದರೆ ಮೊದಲ ದಿನವೇ ಹೊರಗೆ ನಿಲ್ಲಬೇಕಾದದ್ದು ಇವರ ಗಾಡಿ. ಗಾಳಿಯ ಲೆಕ್ಕದಲ್ಲಿ ಅದು ಸರಿ. ಆ ನಿಂಬೆಹಣ್ಣಿನ ಹೆಂಗಸಿನ ಲೆಕ್ಕದಲ್ಲೂ ಸರಿ. ಆದರೆ ಇವರ ಲೆಕ್ಕವನ್ನು ಯಾರೂ ಬರೆಯದಿದ್ದರೆ ಅದು ನ್ಯಾಯವಲ್ಲ. ಮಂಡ್ಯ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಬಿಡುತ್ತಿಲ್ಲ. ಕಾರಣ ಅಪಘಾತ, ಅದು ಸುಳ್ಳಲ್ಲ. ಆದರೂ ಸರ್ವೀಸ್ ರಸ್ತೆಗೆ ಇಳಿದವರು ಯಾರು? ಕಬ್ಬಿನ ಟ್ರ್ಯಾಕ್ಟರಿನವನು, ಹಾಲಿನ ಕ್ಯಾನು ಕಟ್ಟಿಕೊಂಡ ಬೈಕಿನವನು. ದೊಡ್ಡ ಕಾರಿನವರಿಗೆ ಏನೂ ಆಗಲಿಲ್ಲ.

ವಲಯ ಅಂದ ಕೂಡಲೇ ಇದು ಫಾರಿನ್ನಿನದು, ನಮ್ಮಲ್ಲಿ ಆಗಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಗಾಡಿ ತಡೆಯುವುದು ನಮಗೆ ಹೊಸದೇನಲ್ಲ. 2009ರಿಂದ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ ಇದೆ. ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಬಸ್ ಮಾತ್ರ ಬಿಡುತ್ತಾರೆ. ಎಷ್ಟು ಒತ್ತಡ ಬಂದರೂ ಅದು ನಿಂತಿದೆ. ಊಟಿಗೆ ಹೋಗುವವರಿಗೆ 2024ರ ಮೇ 7ರಿಂದ ಇ-ಪಾಸ್ ಬೇಕು, ಮದ್ರಾಸ್ ಹೈಕೋರ್ಟಿನ ಆದೇಶ. ಮೊದಲ ವಾರ ನಾವೆಲ್ಲ ಗೊಣಗಿದೆವು, ಈಗ ಹೊರಡುವ ಮುಂಚೆ ಮೊಬೈಲಿನಲ್ಲಿ ತೆಗೆದುಕೊಂಡು ಹೋಗುತ್ತೇವೆ. ಆಗ್ರಾದಲ್ಲಿ ತಾಜ್ ಮಹಲಿನ ಸುತ್ತ 500 ಮೀಟರ್ ಒಳಗೆ ಪ್ರವಾಸಿಗರ ಪೆಟ್ರೋಲ್, ಡೀಸೆಲ್ ಗಾಡಿ ಬಿಡುವುದಿಲ್ಲ. ಬ್ಯಾಟರಿ ಗಾಡಿ, ಟಾಂಗಾ ಓಡುತ್ತವೆ. ನಮ್ಮ ಅರಮನೆಯ ಸುತ್ತ ಟಾಂಗಾಗಳು ಇನ್ನೂ ಇವೆ. ಅವಕ್ಕೆ ಅಂಥದ್ದೊಂದು ಜಾಗ ಸಿಕ್ಕಿದರೆ ಎಷ್ಟು ಚೆನ್ನ ಅಂತ ಎಷ್ಟೋ ಸಲ ಅನ್ನಿಸಿದೆ.

ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಬೆಟ್ಟದಲ್ಲೇ ಇದೆ. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಖಾಸಗಿ ಗಾಡಿ ಬಿಡುವುದಿಲ್ಲ. ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಲ್ಲಿ ಕಾರು ಬಿಟ್ಟು ಕೆಎಸ್‌ಆರ್‌ಟಿಸಿ ಬಸ್ ಹತ್ತಬೇಕು. ಬೆಳಗಿನ ಜಾವದಿಂದಲೇ ಬಸ್ಸು ಸಾಲಾಗಿ ನಿಂತಿರುತ್ತದೆ. ಅಜ್ಜಿಯರು, ಕೈಗೂಸು ಎತ್ತಿಕೊಂಡವರು, ಲಕ್ಷಾಂತರ ರೂಪಾಯಿಯ ಕಾರಿನವರು, ಎಲ್ಲರೂ ಒಂದೇ ಸೀಟಿಗೆ ಒದ್ದಾಡುತ್ತಾರೆ. ಯಾರ ಗಾಜಿನ ಮೇಲೆ ಯಾವ ಬಣ್ಣ ಅಂತ ಯಾರೂ ನೋಡುವುದಿಲ್ಲ. ಅಲ್ಲಿ ನಿಯಮ ನಡೆಯುವುದಕ್ಕೆ ಕಾರಣ ಪೊಲೀಸರ ಬ್ಯಾರಿಕೇಡ್ ಒಂದೇ ಅಲ್ಲ. ಮುಂದೆ ಬಸ್ ಇದೆ ಅಂತ ಜನರಿಗೆ ಗೊತ್ತು. ಬಸ್ ಇಲ್ಲದೆ ಬ್ಯಾರಿಕೇಡ್ ಮಾತ್ರ ಹಾಕಿ ನೋಡಿ, ಮೊದಲ ಶುಕ್ರವಾರವೇ ಗಲಾಟೆ ಆಗುತ್ತದೆ.

ಕಾನೂನಿನ ಅಡ್ಡಿಯೂ ಇಲ್ಲ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಜನರ ಸುರಕ್ಷತೆ, ಅನುಕೂಲಕ್ಕಾಗಿ ಒಂದು ಪ್ರದೇಶದಲ್ಲಿ ಅಥವಾ ರಸ್ತೆಯಲ್ಲಿ ಗಾಡಿಗಳನ್ನು ತಡೆಯುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ, ಅದು ನೇಮಿಸಿದ ಅಧಿಕಾರಿಗೂ ಇದೆ.

ದ್ವಿಚಕ್ರದ ವಿಷಯ ಬೇರೆ. ನಮ್ಮ ರಸ್ತೆಯಲ್ಲಿ ಎತ್ತ ನೋಡಿದರೂ ಸ್ಕೂಟರು, ಬೈಕು. ಅವಕ್ಕೆ ಗಾಜೇ ಇಲ್ಲ, ಸ್ಟಿಕ್ಕರ್ ಎಲ್ಲಿ ಅಂಟಿಸುವುದು? ಕಾರುಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯುರೋಪಿನ ಪದ್ಧತಿಯನ್ನು ಹಾಗೇ ತಂದರೆ ನಮ್ಮ ಅರ್ಧಕ್ಕಿಂತ ಜಾಸ್ತಿ ಗಾಡಿಗಳು ಲೆಕ್ಕದಿಂದ ತಪ್ಪಿಸಿಕೊಳ್ಳುತ್ತವೆ. ಅವಕ್ಕೆ ಕ್ಯಾಮೆರಾ ಅಥವಾ ರಸ್ತೆ ಬದಿಯ ಅಳತೆಯೇ ದಾರಿ. ಮೈಸೂರಿನವರಿಗೆ ಇಲ್ಲಿ ಇನ್ನೊಂದು ಎಳೆತವೂ ಇದೆ. ಯಾದವಗಿರಿಯ ಕಾರ್ಖಾನೆಯಲ್ಲಿ 1960ರ ದಶಕದಿಂದ 1996ರವರೆಗೆ ಜಾವಾ, ಯೆಜ್ಡಿ ಬೈಕು ತಯಾರಾದವು. ಟೂ-ಸ್ಟ್ರೋಕ್. ಪೆಟ್ರೋಲಿನ ಜೊತೆ ಎಣ್ಣೆಯನ್ನೂ ಸುಡುವ ಎಂಜಿನ್, ಅದರದೇ ನೀಲಿ ಹೊಗೆ. ನನ್ನ ಸೋದರಮಾವ ಅಲ್ಲೇ ಕೆಲಸ ಮಾಡಿದವರು. ಅವರ ಬೈಕಿನ ಸದ್ದು ಕೇಳಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಹೊಗೆ ಕೆಟ್ಟದ್ದು ಅಂತ ಗೊತ್ತಿದ್ದೂ ಆ ವಾಸನೆ ಬಂದರೆ ನಾನು ಈಗಲೂ ತಿರುಗಿ ನೋಡುತ್ತೇನೆ. ಇದಕ್ಕೆ ಜರ್ಮನಿಯವರು ಒಂದು ಒಳ್ಳೆಯ ದಾರಿ ಮಾಡಿದ್ದಾರೆ. 30 ವರ್ಷ ದಾಟಿದ, ಮೂಲ ರೂಪದಲ್ಲೇ ಚೆನ್ನಾಗಿ ಇಟ್ಟುಕೊಂಡ ಗಾಡಿಗೆ ಎಚ್ ಅಕ್ಷರದ ನಂಬರ್ ಪ್ಲೇಟ್ ಕೊಟ್ಟು ಸ್ಟಿಕ್ಕರಿನಿಂದ ವಿನಾಯಿತಿ ಕೊಡುತ್ತಾರೆ. ನಮ್ಮಲ್ಲೂ 2021ರಿಂದ 50 ವರ್ಷ ದಾಟಿದ ಗಾಡಿಗಳಿಗೆ ವಿಂಟೇಜ್ ನೋಂದಣಿ ಇದೆ, ದಿನನಿತ್ಯದ ಓಡಾಟಕ್ಕೆ ಮಾತ್ರ ಅಲ್ಲ. ವರ್ಷಕ್ಕೆ ನಾಲ್ಕು ಸಲ ಹೊರಗೆ ಬರುವ ಜಾವಾದಿಂದ ಊರಿನ ಗಾಳಿ ಕೆಡುವುದಿಲ್ಲ. ದಿನಕ್ಕೆ ಹತ್ತು ಗಂಟೆ ಪೇಟೆಯಲ್ಲೇ ಸುತ್ತುವ ಡೀಸೆಲ್ ಗಾಡಿಯಿಂದ ಕೆಡುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಊರಿಡೀ ವಲಯ ಮಾಡಲು ಹೋಗಬಾರದು. ರಿಂಗ್ ರೋಡಿನೊಳಗಿನ ಎಲ್ಲರನ್ನೂ ಒಂದೇ ಸಲ ಸ್ಟಿಕ್ಕರಿಗೆ ಕಟ್ಟಿಹಾಕಿದರೆ ಸಿಗುವುದು ದಂಡದ ರಸೀದಿ, ಗಾಳಿ ಅಲ್ಲ. ಸಂತೇಪೇಟೆ, ದೇವರಾಜ ಮಾರುಕಟ್ಟೆ, ಗಾಂಧಿ ಸ್ಕ್ವೇರ್ ಸುತ್ತಮುತ್ತಲಿನ ಇಕ್ಕಟ್ಟು ಬೀದಿಗಳಷ್ಟನ್ನು ಹಿಡಿದುಕೊಳ್ಳಲಿ. ಅಲ್ಲೂ ಮೊದಲು ಸರಕಿನ ಗಾಡಿಗಳಿಂದಲೇ ಶುರುವಾಗಲಿ. ಅವೇ ದಿನವಿಡೀ ಅಲ್ಲಿ ನಿಲ್ಲುವುದು, ಅವೇ ಜಾಸ್ತಿ ಹೊಗೆ ಬಿಡುವುದು, ಸಂಖ್ಯೆಯೂ ಎಣಿಸುವಷ್ಟೇ ಇರುತ್ತದೆ. ದಿನಾಂಕವನ್ನು ಎರಡು ವರ್ಷ ಮುಂಚೆಯೇ ಹೇಳಲಿ. ಅಷ್ಟರೊಳಗೆ ಗಾಡಿ ಬದಲಿಸುವವರಿಗೆ ಸಹಾಯಧನ ಕೊಡಲಿ. ಲಂಡನ್‌ನಲ್ಲಿ ಹಳೆಯ ಕಾರು ಗುಜರಿಗೆ ಹಾಕಿದವರಿಗೆ 2,000 ಪೌಂಡ್‌ವರೆಗೆ ಕೊಟ್ಟರು. ಕೊಟ್ಟರೂ ಹೊರವಲಯದ ಜನ ಬೀದಿಗಿಳಿದರು. ಫ್ರಾನ್ಸಿನಲ್ಲಂತೂ ಹಳೆಯ ಕಾರಿನ ಬಡವರಿಗೆ ಮಾತ್ರ ಇದರ ಹೊಡೆತ ಎಂಬ ಕೂಗು ಎಷ್ಟು ಜೋರಾಯಿತು ಅಂದರೆ 2025ರಲ್ಲಿ ಸಂಸತ್ತಿನ ಕೆಳಮನೆ ಆ ವಲಯಗಳನ್ನೇ ರದ್ದು ಮಾಡಬೇಕೆಂದು ಮತ ಹಾಕಿತು. ಗಾಳಿಯ ಒಳ್ಳೆಯ ಯೋಜನೆಯೊಂದು ಹಣದ ಲೆಕ್ಕ ತಪ್ಪಿದ್ದಕ್ಕೆ ಸೋಲುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸಹಾಯಧನಕ್ಕಿಂತ ಮೊದಲು ಆಗಬೇಕಾದದ್ದು ಆ ಡ್ರೈವರ್ ಕೇಳಿದ ಪ್ರಶ್ನೆಗೆ ಉತ್ತರ. ಮಾರುಕಟ್ಟೆಯ ಹತ್ತಿರ, ಗೂಡ್ಸ್ ಆಟೊಗಳು ರಾತ್ರಿ ನಿಲ್ಲುವ ಬೀದಿಗಳಲ್ಲಿ, ವಠಾರದವರೂ ಬಳಸಬಹುದಾದ ಚಾರ್ಜಿಂಗ್ ಜಾಗ ಬೇಕು. ಮಾಲ್ ಒಳಗೆ ನಾಲ್ಕು, ಹೋಟೆಲ್ ಮುಂದೆ ಎರಡು ಹಾಕಿಸಿದರೆ ಅವರಿಗೆ ಏನೂ ಉಪಯೋಗವಿಲ್ಲ. ಒಂದು ಮೊಹಲ್ಲಾಕ್ಕೆ ಹತ್ತು ಪಾಯಿಂಟ್, ರಾತ್ರಿ ಗಾಡಿ ನಿಲ್ಲಿಸಲು ಒಂದು ಶೆಡ್ಡು, ಕಾಯಲು ಒಬ್ಬ ಮನುಷ್ಯ. ಇದೇನು ಆಕಾಶಕ್ಕೆ ಏಣಿ ಹಾಕುವ ಕೆಲಸವಲ್ಲ. 2017ರಲ್ಲಿ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್‌ಗಳಿಗಾಗಿ ಊರಿನ ತುಂಬ ನಿಲ್ದಾಣ ಕಟ್ಟಿದ ಊರು ನಮ್ಮದು.

ಅದೆಲ್ಲಕ್ಕೂ ಮುಂಚೆ ಅಳತೆ. ಆ ಕರಿ ಪಟ್ಟೆಯ ಗೋಡೆಯ ಹತ್ತಿರ ಒಂದು ಕಂಬ ನಿಲ್ಲಿಸಿ, ಅದಕ್ಕೆ ಕರೆಂಟ್ ಕೊಟ್ಟು, ಮಸಿ ಅಳೆಯುವ ಒಂದು ಯಂತ್ರ ಇಡಲಿ. ಸಯ್ಯಾಜಿ ರಾವ್ ರಸ್ತೆಯಲ್ಲಿ ಇನ್ನೊಂದು. ಮುಂದಿನ ಆಷಾಢದ ಹೊತ್ತಿಗೆ ಇಟ್ಟರೆ ದಸರೆಗೆ ಮುಂಚೆ ಎರಡು ಮೂರು ತಿಂಗಳ ಲೆಕ್ಕ ಕೈಯಲ್ಲಿರುತ್ತದೆ. ಜಂಬೂ ಸವಾರಿ ದಿನ ಸಯ್ಯಾಜಿ ರಾವ್ ರಸ್ತೆಯಲ್ಲಿ ಆನೆ, ಕುದುರೆ, ಜನ, ಮೆರವಣಿಗೆಯ ಸ್ತಬ್ಧಚಿತ್ರಗಳ ಗಾಡಿ ಬಿಟ್ಟರೆ ಮಾಮೂಲಿ ಗಾಡಿಗಳ ಓಡಾಟ ಇರುವುದಿಲ್ಲ. ಆವತ್ತು ಯಂತ್ರದಲ್ಲಿ ಬಂದ ಅಂಕಿಯನ್ನೂ ಅದರ ಹಿಂದಿನ ವಾರದ ಅಂಕಿಯನ್ನೂ ಪಕ್ಕಪಕ್ಕ ಬರೆದು ಮಾರುಕಟ್ಟೆಯ ಬಾಗಿಲಲ್ಲಿ ಹಾಕಲಿ. ಸ್ಟಿಕ್ಕರಿನ ಮಾತನ್ನು ಆಮೇಲೆ, ಸಂತೇಪೇಟೆಯ ಡ್ರೈವರುಗಳನ್ನೂ ಕೂರಿಸಿಕೊಂಡು ಆಡೋಣ.